ಡಬಲ್ ಮಾರ್ಕರ್ ವರದಿಯಲ್ಲಿ 12.6 ವಾರ ಎಂದಿದೆಯೇ? ಆ ಚುಕ್ಕೆಯನ್ನು ಇನ್ನೊಮ್ಮೆ ನೋಡಿ

ಗರ್ಭಿಣಿಯರಿಗೆ 11ನೇ ವಾರ ತುಂಬಿದ ಮೇಲೆ, 14ನೇ ವಾರ ತುಂಬುವುದರೊಳಗೆ ಎನ್‌ಟಿ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ರಕ್ತಪರೀಕ್ಷೆ ಮಾಡಿಸಲು ವೈದ್ಯರು ಹೇಳುವುದು ಈಗ ಸಾಮಾನ್ಯ. ಮಗುವಿಗೆ ಡೌನ್ ಸಿಂಡ್ರೋಮ್‌ನಂತಹ ತೊಂದರೆ ಇರುವ ಸಾಧ್ಯತೆ ಎಷ್ಟು ಎಂದು ಅಂದಾಜಿಸುವ ಈ ವರದಿಯಲ್ಲಿ ಮಾತು ಕಡಿಮೆ, ಅಂಕಿಗಳೇ ಹೆಚ್ಚು. ಟೈಪ್ ಮಾಡುವಾಗ ಆ ಅಂಕಿಗಳ ನಡುವಿನ ಚುಕ್ಕೆ, ಅಲ್ಪವಿರಾಮ, ಪ್ಲಸ್ ಚಿಹ್ನೆ ಅದಲುಬದಲಾದರೆ ಲೆಕ್ಕವೇ ಬದಲಾಗುತ್ತದೆ.

ಮುಖ್ಯ ಗೊಂದಲ ಗರ್ಭದ ವಯಸ್ಸು ಬರೆಯುವಲ್ಲಿ. 12 ವಾರ 6 ದಿನ ಎಂಬುದನ್ನು ಸರಿಯಾಗಿ ಬರೆಯುವ ಕ್ರಮ 12+6. ಅದನ್ನೇ ಕೆಲವರು 12.6 ಎಂದು ಟೈಪ್ ಮಾಡುತ್ತಾರೆ. ನೋಡುವುದಕ್ಕೆ ಎರಡೂ ಒಂದೇ. ಆದರೆ ವಾರಕ್ಕೆ ಇರುವುದು 7 ದಿನ, 10 ಅಲ್ಲ. ದಶಮಾಂಶವಾಗಿ ಓದಿದರೆ 12.6 ವಾರ ಎಂದರೆ 88 ದಿನ, ಅಂದರೆ 12 ವಾರ 4 ದಿನ. ಎರಡು ದಿನ ಕಾಣೆ!

ಎರಡು ದಿನ ಏನು ಮಹಾ ಎನ್ನುವಂತಿಲ್ಲ. ಈ ಪರೀಕ್ಷೆಯಲ್ಲಿ ಅಳೆಯುವ ಪ್ಯಾಪ್-ಎ ಎಂಬ ಪ್ರೋಟೀನ್ ಆ ವಾರಗಳಲ್ಲಿ ತಾಯಿಯ ರಕ್ತದಲ್ಲಿ ದಿನೇದಿನೇ ಏರುತ್ತಿರುತ್ತದೆ. ಅದೇ ದಿನದ ಗರ್ಭಕ್ಕೆ ಸಾಮಾನ್ಯವಾಗಿ ಇರಬೇಕಾದ ಪ್ರಮಾಣದೊಂದಿಗೆ ಹೋಲಿಸಿ ಲ್ಯಾಬ್‌ನವರು ಎಂಒಎಂ ಎಂಬ ಅಂಕಿ ಕೊಡುತ್ತಾರೆ. ಡೌನ್ ಸಿಂಡ್ರೋಮ್ ಇದ್ದಾಗ ಪ್ಯಾಪ್-ಎ ಸಾಮಾನ್ಯವಾಗಿ ತಗ್ಗಿರುತ್ತದೆ. 12+6ರ ರಕ್ತವನ್ನು 12+4ರ ಅಳತೆಗೆ ಹೋಲಿಸಿದರೆ ಅದು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ, ರಿಸ್ಕ್ ಕಡಿಮೆಯಾಗಿ ತೋರುತ್ತದೆ. ಸ್ಕ್ಯಾನ್‌ನಲ್ಲಿ ಅಳೆದ ಭ್ರೂಣದ ಉದ್ದವನ್ನೇ, ಅಂದರೆ ಸಿಆರ್‌ಎಲ್ ಅನ್ನು, ಲ್ಯಾಬ್ ನೇರವಾಗಿ ಬಳಸಿದರೆ ಈ ತೊಂದರೆ ಬರುವುದಿಲ್ಲ. ಎನ್‌ಟಿ ಅಳತೆಗೆ ಸಿಆರ್‌ಎಲ್ 45ರಿಂದ 84 ಮಿ.ಮೀ. ಒಳಗಿರಬೇಕು.

1:1,250 ಮತ್ತು 1:125

ರಿಸ್ಕ್ ಅನ್ನು ಅನುಪಾತದಲ್ಲಿ ಬರೆಯುತ್ತಾರೆ. ಹಲವು ಲ್ಯಾಬ್‌ಗಳಲ್ಲಿ 1:250 ಗಡಿ. ಎರಡನೇ ಅಂಕಿ ದೊಡ್ಡದಾದಷ್ಟೂ ರಿಸ್ಕ್ ಕಡಿಮೆ ಎಂಬುದೇ ಅನೇಕರಿಗೆ ತಲೆಕೆಳಗಾಗಿ ಕಾಣುತ್ತದೆ. 1:1,250ರಲ್ಲಿ ಕೊನೆಯ ಸೊನ್ನೆ ಬಿಟ್ಟುಹೋದರೆ 1:125 ಆಗಿ, ಲೋ ರಿಸ್ಕ್ ಇದ್ದವರು ಹೈ ರಿಸ್ಕ್ ಪಟ್ಟಿಗೆ ಸೇರುತ್ತಾರೆ. ಮುಂದಿನ ಮಾತು ಆಮ್ನಿಯೋಸೆಂಟೆಸಿಸ್‌ನದು. ಹೊಟ್ಟೆಗೆ ಸೂಜಿ ಹಾಕಿ ಗರ್ಭಜಲ ತೆಗೆಯುವ ಈ ಪರೀಕ್ಷೆಯಲ್ಲಿ ಗರ್ಭಪಾತದ ಸಣ್ಣ ಅಪಾಯವೂ ಇದೆ. '>1:250' ಎಂಬ ಬರಹವಂತೂ ಬೇಡವೇ ಬೇಡ. ರಿಸ್ಕ್ ಹೆಚ್ಚೋ, ಎರಡನೇ ಅಂಕಿ ಹೆಚ್ಚೋ ತಿಳಿಯುವುದಿಲ್ಲ.

ಎನ್‌ಟಿ 1.8 ಮಿ.ಮೀ. ಇದ್ದದ್ದು 18 ಎಂದಾದರೆ ಯಾವ ವೈದ್ಯರಾದರೂ ಹಿಡಿಯುತ್ತಾರೆ. 1.4 ಹೋಗಿ 4.1 ಆದರೆ ಹಿಡಿಯುವುದು ಕಷ್ಟ, ಏಕೆಂದರೆ 3.5 ದಾಟಿದ ಎನ್‌ಟಿ ನಿಜಕ್ಕೂ ಇರುತ್ತದೆ. ನಂಬಲು ಸಾಧ್ಯವಿರುವ ತಪ್ಪೇ ಹೆಚ್ಚು ಅಪಾಯಕಾರಿ. .8 ಎಂದು ಬರೆಯದೆ 0.8 ಎಂದು ಬರೆಯಬೇಕೆನ್ನುವುದೂ ಇದಕ್ಕೇ. ಮುಂದೆ ಸೊನ್ನೆಯಿಲ್ಲದ ಚುಕ್ಕೆಯನ್ನು ಅಮೆರಿಕದ ಜಾಯಿಂಟ್ ಕಮಿಷನ್ 2004ರಲ್ಲೇ ಔಷಧ ಚೀಟಿಗಳಲ್ಲಿ ಬಳಸಬಾರದವುಗಳ ಪಟ್ಟಿಗೆ ಸೇರಿಸಿದೆ. ಹೇಳಿ ಬರೆಸುವ ವರದಿಗಳಲ್ಲಿ ಇನ್ನೊಂದು ಕಾಟ: 'ನೇಸಲ್ ಬೋನ್ ನಾಟ್ ಸೀನ್' ಎಂಬಲ್ಲಿ 'ನಾಟ್' ಬಿಟ್ಟುಹೋದರೆ ಅರ್ಥವೇ ಉಲ್ಟಾ.

ಕಾನೂನು ಏನು ಹೇಳುತ್ತದೆ?

ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಗರ್ಭಿಣಿಯ ಪ್ರತಿ ಸ್ಕ್ಯಾನ್‌ಗೂ ಫಾರ್ಮ್ ಎಫ್ ತುಂಬಬೇಕು. ಅದರಲ್ಲಿ ಕೊರತೆ ಅಥವಾ ತಪ್ಪು ಕಂಡರೆ, ವೈದ್ಯರು ಬೇರೆ ರೀತಿ ಸಾಬೀತು ಮಾಡದ ಹೊರತು, ಕಾಯ್ದೆಯ ಉಲ್ಲಂಘನೆ ಎಂದೇ ಪರಿಗಣನೆ. ಇವು ಬರೀ ಗುಮಾಸ್ತಿಕೆಯ ತಪ್ಪುಗಳು, ಅಪರಾಧದ ಪಟ್ಟಿಯಿಂದ ಕೈಬಿಡಿ ಎಂಬ ಸ್ತ್ರೀರೋಗ ತಜ್ಞರ ಒಕ್ಕೂಟದ ಮನವಿಯನ್ನು ಸುಪ್ರೀಂ ಕೋರ್ಟ್ 2019ರ ಮೇ ತಿಂಗಳಲ್ಲಿ ತಳ್ಳಿಹಾಕಿತು. ಆದರೆ ಈ ಬಿಗಿ ಫಾರ್ಮ್‌ಗೆ ಮಾತ್ರ. ನಿಮ್ಮ ಕೈಗೆ ಬರುವ ವರದಿಯ ಚುಕ್ಕೆಗಳನ್ನು ನೀವೇ ನೋಡಿಕೊಳ್ಳಬೇಕು.

ವರದಿ ಕೈಗೆ ಬಂದಾಗ ತಾಯಿಯ ಜನ್ಮದಿನಾಂಕ, ತೂಕ, ಸ್ಕ್ಯಾನ್ ಆದ ದಿನ, ರಕ್ತ ಕೊಟ್ಟ ದಿನ, ಸಿಆರ್‌ಎಲ್, ಎನ್‌ಟಿ ಇವಿಷ್ಟನ್ನು ಮೂಲ ಸ್ಕ್ಯಾನ್ ವರದಿಯ ಪಕ್ಕದಲ್ಲಿಟ್ಟು ಹೋಲಿಸಿ. 03/04 ಎಂದಿದ್ದರೆ ಏಪ್ರಿಲ್ 3 ಹೌದೋ, ಮಾರ್ಚ್ 4 ಆಗಿದೆಯೋ ಕೇಳಿ. ತಪ್ಪು ಸಿಕ್ಕರೆ ಕೌಂಟರ್‌ನಲ್ಲಿ ಪೆನ್ನಿನಿಂದ ತಿದ್ದಿಸಿಕೊಂಡು ಬರಬೇಡಿ. ಸರಿಯಾದ ಅಂಕಿ ಹಾಕಿ ಸಾಫ್ಟ್‌ವೇರ್‌ನಲ್ಲಿ ರಿಸ್ಕ್ ಮತ್ತೆ ಲೆಕ್ಕ ಮಾಡಿಸಿ, ಸಹಿ ಇರುವ ಹೊಸ ವರದಿಯನ್ನೇ ಪಡೆಯಿರಿ. ಇದಕ್ಕೆ ಮತ್ತೆ ರಕ್ತ ಕೊಡಬೇಕಾಗಿಲ್ಲ.