ಲ್ಯಾಬ್‌ಗೆ ದುಡ್ಡು ನಮ್ಮದು, ಔಷಧಿ ಯಾರದು?

2017ರಲ್ಲಿ ಅಮೆರಿಕ ಕಿಮ್ರಿಯಾ ಅನ್ನೋ ರಕ್ತ ಕ್ಯಾನ್ಸರ್ ಚಿಕಿತ್ಸೆಗೆ ಅನುಮತಿ ಕೊಟ್ಟಿತು. ಹುಟ್ಟಿದ್ದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ, ಮಾರಿದ್ದು ನೊವಾರ್ಟಿಸ್. ಬೆಲೆ 4,75,000 ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 3 ಕೋಟಿ ರೂಪಾಯಿ.

ಅದೇ ಬಗೆಯ 'ಕಾರ್-ಟಿ' ಚಿಕಿತ್ಸೆ ಈಗ ನಮ್ಮಲ್ಲೂ ಇದೆ: ನೆಕ್ಸ್‌ಕಾರ್19. ರೋಗಿಯ ರಕ್ತದಿಂದ ಟಿ-ಕೋಶಗಳನ್ನು ತೆಗೆದು, ಕ್ಯಾನ್ಸರ್ ಕೋಶ ಗುರುತಿಸುವಂತೆ ಅವಕ್ಕೆ ಹೊಸ ಜೀನ್ ಸೇರಿಸಿ, ವಾಪಸ್ ದೇಹಕ್ಕೆ ಬಿಡುತ್ತಾರೆ. ಇದನ್ನು ರೂಪಿಸಿದ್ದು ಐಐಟಿ ಬಾಂಬೆ, ರೋಗಿಗಳಲ್ಲಿ ಪರೀಕ್ಷಿಸಿದ್ದು ಟಾಟಾ ಮೆಮೋರಿಯಲ್, ತಯಾರಿಸುತ್ತಿರೋದು ಐಐಟಿಯಲ್ಲೇ ಬೆಳೆದ ಸ್ಟಾರ್ಟಪ್ ಇಮ್ಯುನೋಆಕ್ಟ್. 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. ಜೀನ್ ಸಾಗಿಸುವ ವೈರಸ್ ವಾಹಕವನ್ನೂ ಇಲ್ಲೇ ತಯಾರಿಸಿದ್ದರಿಂದ ಬೆಲೆ ಅಮೆರಿಕದ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯಿತು.

ಇದೇನು ಸಣ್ಣ ಸಾಧನೆ ಅಲ್ಲ. ಆದರೆ ಹತ್ತನೇ ಒಂದು ಅಂದರೂ ಹತ್ತಾರು ಲಕ್ಷ. ಆಯುಷ್ಮಾನ್ ಭಾರತ್ ಕೊಡೋದು ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಮಾತ್ರ.

ಸರ್ಕಾರಿ ದುಡ್ಡಿನ ಸಂಶೋಧನೆಯ ಪೇಟೆಂಟ್ ಬಗ್ಗೆ 2008ರಲ್ಲಿ ಸಂಸತ್ತಿಗೆ ಬಂದ ಮಸೂದೆ ಕಾನೂನಾಗಲೇ ಇಲ್ಲ. ಹಾಗಾಗಿ ಎಲ್ಲವೂ ಆಯಾ ಸಂಸ್ಥೆ ಕಂಪನಿ ಜೊತೆ ಮಾಡಿಕೊಳ್ಳುವ ಲೈಸೆನ್ಸ್ ಒಪ್ಪಂದದಲ್ಲೇ ತೀರ್ಮಾನ ಆಗುತ್ತೆ. ಬೆಲೆಯ ಷರತ್ತು ಹಾಕಬೇಕಾದ್ದು ಅಲ್ಲಿ, ಆ ಸಹಿ ಬೀಳೋ ಮುಂಚೆ. ಔಷಧಿ ಮಾರುಕಟ್ಟೆಗೆ ಬಂದ ಮೇಲೆ ಕೇಳಿದರೆ ತಡವಾಗಿರುತ್ತೆ.