ತೊಗಟೆಯಲ್ಲಿ ಪಾನಕದಂಗಡಿ

ಈ ತೊಗಟೆ ನೋಡಿ. ಅಳತೆಪಟ್ಟಿ ಇಟ್ಟು ಕೊರೆದ ಹಾಗೆ ಸಾಲು ಸಾಲು ತೂತು! ಹುಳದ ಕೆಲಸ ಅಂದ್ಕೊಂಡ್ರಾ? ಅಲ್ಲ, ಹಕ್ಕಿಯದು.

ಅಮೆರಿಕದ ಪೂರ್ವಭಾಗದ ಹಿತ್ತಲುಗಳಿಗೆ ಬರುವ ಮರಕುಟಿಗ ಇದು. ಹೆಸರು ಸ್ಯಾಪ್‌ಸಕರ್, ಅಂದರೆ ರಸ ಹೀರುವವನು. ಹೆಸರೇ ಸ್ವಲ್ಪ ಸುಳ್ಳು. ಇದು ಹೀರುವುದಿಲ್ಲ, ನೆಕ್ಕುತ್ತದೆ. ನಾಲಿಗೆಯ ತುದಿ ಪುಟ್ಟ ಬ್ರಶ್ ಇದ್ದಂತೆ, ತೂತಿನಿಂದ ಒಸರುವ ಮರದ ರಸ ಅದಕ್ಕೆ ಅಂಟಿಕೊಂಡು ಬರುತ್ತದೆ.

ಮರವೂ ಸುಮ್ಮನಿರುವುದಿಲ್ಲ, ಗಾಯ ಮುಚ್ಚಿಕೊಳ್ಳುತ್ತದೆ. ಹಕ್ಕಿ ಮತ್ತೆ ಬಂದು ಕೊರೆಯಬೇಕು. ನಮ್ಮ ಕಡೆ ಈಚಲು ಮರ ಕೆತ್ತಿ ಮಡಕೆ ಕಟ್ಟುವವರ ಕಸುಬೂ ಹೀಗೇ ತಾನೆ?

ಅಂಗಡಿ ಇಟ್ಟದ್ದು ಒಬ್ಬ, ಬಿಟ್ಟಿ ಗಿರಾಕಿಗಳು ಹತ್ತಾರು! ಇರುವೆ, ಕಣಜ, ಅಳಿಲು, ಜೊತೆಗೆ ಮೂರೇ ಗ್ರಾಂ ತೂಗುವ ಹಮ್ಮಿಂಗ್‌ಬರ್ಡ್. ವಸಂತದಲ್ಲಿ ಅದು ಉತ್ತರಕ್ಕೆ ಬರುವಾಗ ಎಷ್ಟೋ ಕಡೆ ಹೂವೇ ಅರಳಿರುವುದಿಲ್ಲ. ಆಗ ಈ ರಸವೇ ಮಕರಂದ. ರಸಕ್ಕೆ ಮುತ್ತುವ ಹುಳಗಳು ನಂಜಿಕೊಳ್ಳಲು!

ಮರ ಸಾಯುತ್ತದಾ? ಸಾಮಾನ್ಯವಾಗಿ ಇಲ್ಲ. ಕಾಂಡದ ಸುತ್ತ ಪೂರ್ತಿ ಕೊರೆದರೆ ಮಾತ್ರ ಕಷ್ಟ. ಅಲ್ಲಿನ ತೋಟದವರು ಆ ಜಾಗಕ್ಕೆ ಸಡಿಲವಾಗಿ ಗೋಣಿತಾಟು ಸುತ್ತುತ್ತಾರೆ. ಹಕ್ಕಿ ಪಕ್ಕದ ಮರಕ್ಕೆ ಹೊರಟಿತು, ನೋಡಿ.