ಮೀನಿನ ಬಾಲದ ಹಿಂದಿನ ಸುಳಿಗಳು

ಬಿರಿಯಾನಿ ಬಡಿಸುವ ದೊಡ್ಡ ಪರಾತಕ್ಕೆ ನೀರು ತುಂಬಿಸಿ, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ನನ್ನ ಸ್ಕೇಲನ್ನು ಮೀನಿನ ಬಾಲದಂತೆ ಅಲ್ಲಾಡಿಸುತ್ತ ಮುಂದಕ್ಕೆ ಎಳೆದೆ. ಹಿಂದೆ ಪುಟ್ಟ ಪುಟ್ಟ ಸುಳಿಗಳು ಬಿದ್ದವು. ಕಾಮರ್ಸ್ ಓದುವವನಿಗೆ ಇದೆಲ್ಲ ಯಾಕೆ ಎಂದು ಅಮ್ಮಿ ಉರ್ದುವಿನಲ್ಲಿ ಬೈದರು. ಸೈನ್ಸ್ ಸೆಕ್ಷನ್ನಿನ ಗೆಳೆಯನೊಬ್ಬ "ಇದು ನಿನಗೆ ಅರ್ಥ ಆಗಲ್ಲ ಬಿಡು" ಅಂದಿದ್ದ, ಅದಕ್ಕೆ.

ವಿಷಯ ಇದು. ವಿಮಾನದ ರೆಕ್ಕೆಯನ್ನು ಅಡ್ಡಕ್ಕೆ ಕತ್ತರಿಸಿದರೆ ಕಾಣುವ ಆಕಾರಕ್ಕೆ ಏರ್‌ಫಾಯಿಲ್ ಎನ್ನುತ್ತಾರೆ. ಅದನ್ನು ಹರಿವಿನಲ್ಲಿಟ್ಟು ಮೇಲೆ ಕೆಳಗೆ ಆಡಿಸಿದರೆ, ಹಿಂದೆ ಎರಡು ಸಾಲು ಸುಳಿಗಳು ಏಳುತ್ತವೆ. ಆಡಿಸುವ ರೀತಿ ಬದಲಿಸದೆ ಹರಿವಿನ ವೇಗ ಮಾತ್ರ ಬದಲಿಸಿದರೆ ಏನಾಗುತ್ತದೆ?

ಹರಿವು ಎಡದಿಂದ ಬಲಕ್ಕೆ ಇದೆ ಎಂದುಕೊಳ್ಳಿ. ವೇಗ ಬಹಳ ಹೆಚ್ಚಿದ್ದರೆ ಮೇಲಿನ ಸಾಲಿನ ಸುಳಿಗಳು ಗಡಿಯಾರದ ಮುಳ್ಳಿನಂತೆ, ಕೆಳಗಿನವು ಅದಕ್ಕೆ ಎದುರಾಗಿ ತಿರುಗುತ್ತವೆ. ಎರಡೂ ಸೇರಿ ನಡುವಿನ ನೀರನ್ನು ಹಿಂದಕ್ಕೆ ತಡೆಯುತ್ತವೆ. ಸೇತುವೆ ಕಂಬದ ಹಿಂದೆ ಬೀಳುವ ಸುಳಿಗಳೂ ಹೀಗೇ. ಇವಕ್ಕೆ ಕಾರ್ಮನ್ ಸುಳಿಸಾಲು ಎಂದು ಹೆಸರು. ವೇಗ ಇಳಿಸುತ್ತಾ ಬಂದರೆ ಒಂದು ಹಂತದಲ್ಲಿ ಸುಳಿಗಳೆಲ್ಲ ಒಂದೇ ಗೆರೆಗೆ ಬರುತ್ತವೆ. ಇನ್ನೂ ಇಳಿಸಿದರೆ ಸಾಲುಗಳು ಅದಲುಬದಲು! ಈಗ ನಡುವಿನ ನೀರು ಚಿಮ್ಮಿ ಹಿಂದಕ್ಕೆ ಹೋಗುತ್ತದೆ, ರೆಕ್ಕೆಗೆ ಮುಂದಕ್ಕೆ ತಳ್ಳು ಸಿಗುತ್ತದೆ. ಆದರೆ ಸಾಲು ಅದಲುಬದಲಾದ ಕೂಡಲೇ ಲಾಭ ಬರುವುದಿಲ್ಲ. ರೆಕ್ಕೆಯ ಮೈಗೆ ನೀರು ಉಜ್ಜುವ ಖರ್ಚು ಮೊದಲು ಕಳೆಯಬೇಕು.

ಇದನ್ನು ಅಳೆಯಲು ಒಂದು ಅನುಪಾತವಿದೆ, ಸ್ಟ್ರೌಹಾಲ್ ಸಂಖ್ಯೆ. ನಮ್ಮ ಅಕೌಂಟೆನ್ಸಿಯ ಕರೆಂಟ್ ರೇಷಿಯೋ ಥರ, ಭಾಗಾಕಾರ ಅಷ್ಟೇ. ಬಾಲ ಸೆಕೆಂಡಿಗೆ 2 ಸಲ, ಈ ತುದಿಯಿಂದ ಆ ತುದಿಗೆ 10 ಸೆಂ.ಮೀ. ಆಡುತ್ತದೆ ಎನ್ನಿ. ಗುಣಿಸಿದರೆ 20. ಇದನ್ನು ಹರಿವಿನ ವೇಗದಿಂದ ಭಾಗಿಸಿ. ವೇಗ ಸೆಕೆಂಡಿಗೆ 400 ಸೆಂ.ಮೀ. ಇದ್ದರೆ 0.05, ಬರೀ ತಡೆ. 100 ಇದ್ದರೆ 0.2. 50 ಇದ್ದರೆ 0.4. ಮೀನು, ಹಕ್ಕಿ, ಬಾವಲಿ, ಕೀಟ, ಇವು ಆರಾಮವಾಗಿ ಸಾಗುವಾಗ ಹೆಚ್ಚಾಗಿ ಈ 0.2 ಮತ್ತು 0.4ರ ನಡುವೆಯೇ ಇರುತ್ತವೆ ಎಂದು 2003ರಲ್ಲಿ 'ನೇಚರ್' ಪತ್ರಿಕೆಯ ಲೇಖನವೊಂದು ತೋರಿಸಿತು. ಕಡಿಮೆ ಶಕ್ತಿಗೆ ಹೆಚ್ಚು ತಳ್ಳು ಸಿಗುವುದು ಸುಮಾರಾಗಿ ಅಲ್ಲೇ. ಲೆಕ್ಕ ಬಾರದ ಮೀನಿಗೆ ಇದು ಗೊತ್ತು ಎಂಬುದು ನನಗೆ ಇನ್ನೂ ಆಶ್ಚರ್ಯ.

ವೇಗ ತೀರಾ ಕಡಿಮೆಯಾದರೆ ಸುಳಿಸಾಲು ನೇರವಾಗಿರದೆ ಒಂದು ಪಕ್ಕಕ್ಕೆ ವಾಲುತ್ತದಂತೆ. ಅದನ್ನು ನೋಡುವಷ್ಟರಲ್ಲಿ ಮನೆಗೆ ಮೆಹಮಾನರು ಬಂದರು, ಅಮ್ಮಿ ಪರಾತ ಕಸಿದುಕೊಂಡು ಹೋದರು.